ನೀಲಮ್ಮನ ಕೂಳಿಗೆ ಬಿದ್ದ ಕಾಫಿ ಜೊಳ್ಳು

೧೯೫೩ರಲ್ಲಿ, ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದಾಗ, ನಾನು ಸೋಮವಾರಪೇಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಪಲ್ಪರ್ ಮೇಸ್ತ್ರಿಯಾಗಿದ್ದೆ. ಓದಿದ್ದು ಮೂರನೇ ಕ್ಲಾಸು, ಬರೆಯುವ ಅಭ್ಯಾಸವಿಲ್ಲ. ಆದರೆ ಹೋದ ವಾರ ನನ್ನ ಮೊಮ್ಮಗಳು ಸವಿತಾಳ ಮದುವೆಯಾಯಿತು. ಅದೂ ಯಾರ ಮನೆಗೆ ಅಂತೀರಿ, ಅಂದು ನನ್ನ ಮೇಲೆ ದೂರು ಹೊತ್ತು ಬಂದಿದ್ದ ನೀಲಮ್ಮನ ಮೊಮ್ಮಗನಿಗೆ. ಆ ಸಂತೋಷ ಎದೆಯೊಳಗೆ ನಿಲ್ಲುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಸುಲಿದ ಬೀಜವನ್ನು ತೊಟ್ಟಿಯಲ್ಲಿ ಹುಳಿ ಬರಿಸಿ, ಅಂಟು ಹೋಗುವ ತನಕ ತೊಳೆಯಬೇಕು. ಒಳಗೆ ತಿರುಳಿಲ್ಲದ ಜೊಳ್ಳು ಬೀಜ ತೊಳೆದ ನೀರಿನ ಜೊತೆ ತೇಲಿ ಹೋಗುತ್ತದೆ. ಆ ನೀರು ಎರಡು ದಿನ ನಿಂತರೆ ಕಪ್ಪಾಗಿ, ಹತ್ತಿರ ಹೋಗಲಾಗದ ಹಾಗೆ ನಾರುತ್ತದೆ. ಮೊದಲು ಅದನ್ನು ಚರಂಡಿ ತೆಗೆದು ನೇರ ಹಳ್ಳಕ್ಕೇ ಬಿಡುತ್ತಿದ್ದರು, ಹಳ್ಳ ಹೋಗಿ ಹಾರಂಗಿ ಹೊಳೆಗೆ ಸೇರುತ್ತದೆ. ಇದು ಸರಿಯಲ್ಲ ಎಂದು ಹೊಂಡ ಮಾಡಿಸಿದವನು ನಾನೇ. ಹಳ್ಳದ ಪಕ್ಕ ಬೀಳು ಬಿದ್ದ ಗದ್ದೆಯೊಂದಿತ್ತು. ಮೂರು ಕಡೆ ಬದು ಇದ್ದೇ ಇತ್ತು, ನಾಲ್ಕನೇ ಕಡೆ ಮಣ್ಣು ಏರಿಸಿದೆ, ಕೆಲಸ ಮುಗಿಯಿತು. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಬೆನ್ನು ತಟ್ಟಿದರು. ನಾನೂ ಉಬ್ಬಿದೆ.

ಹಣ್ಣು ಕುಯ್ಲು ಜೋರಾಗಿದ್ದ ದಿನಗಳಲ್ಲಿ ನೀಲಮ್ಮ ಪಲ್ಪರ್ ಹೌಸಿಗೆ ಬಂದರು. ಎಸ್ಟೇಟಿನ ಕೆಳಗೆ, ಹಳ್ಳದ ತಿರುವಿನಾಚೆ ಅವರ ಮನೆ. ಕುಡಿಯುವುದಕ್ಕೂ ಅದೇ ನೀರು, ದನಕ್ಕೂ ಅದೇ. ನೀರು ಕೆಟ್ಟಿದೆ, ಈಗಷ್ಟೇ ಕರು ಹಾಕಿದ ಹಸು ಮೂತಿ ಹಾಕಿ ಹಿಂದೆ ಸರಿಯುತ್ತಿದೆ, ಹಾಲು ಇಳಿದುಹೋಗಿದೆ, ಮಕ್ಕಳಿಗೆ ವಾಂತಿ ಎಂದರು. ನಮ್ಮ ನೀರು ಒಂದು ತೊಟ್ಟೂ ಹಳ್ಳಕ್ಕೆ ಬರುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳಿದೆ. ಹಳೇ ಚರಂಡಿ ಒಣಗಿ ಬಿರಿದಿದ್ದನ್ನು ಕರೆದೊಯ್ದು ತೋರಿಸಿದೆ. ಅವರು ಚರಂಡಿ ನೋಡಿದರು, ನನ್ನ ಮುಖ ನೋಡಿದರು, ಹೊರಟುಹೋದರು.

ಮಾರನೇ ದಿನ ನಾನೇ ಹಳ್ಳಕ್ಕೆ ಇಳಿದೆ. ಎಸ್ಟೇಟಿನ ಮೇಲೆ ನೀರು ತಿಳಿ. ಚರಂಡಿಯ ಬಾಯಿಯ ಹತ್ತಿರವೂ ತಿಳಿ. ತಿರುವು ದಾಟಿದರೆ ಕಂದು, ಮೇಲೆ ನೊರೆ. ನಡುವೆ ನೀರು ಸೇರುವ ಒಂದು ಜಾಗವೂ ನನ್ನ ಕಣ್ಣಿಗೆ ಬೀಳಲಿಲ್ಲ. ಎರಡು ದಿನ ಬಿಟ್ಟು ಹೋದರೆ ಎಲ್ಲ ಕಡೆಯೂ ತಿಳಿ. ಮತ್ತೆ ಎರಡು ದಿನಕ್ಕೆ ಕಂದು. ತಲೆ ಕೆಟ್ಟುಹೋಯಿತು. ಕೆಳಗಡೆ ಯಾರೋ ಸೊಪ್ಪು ಕೊಳೆ ಹಾಕಿರಬೇಕೆಂದುಕೊಂಡೆ. ನೀಲಮ್ಮನ ದನಗಳೇ ನೀರು ಕಲಕಿರಬೇಕು ಎಂದೂ ಅಂದುಕೊಂಡೆ, ಈಗ ಹೇಳಲು ನಾಚಿಕೆಯಾಗುತ್ತದೆ. ಹೊಂಡದ ನೀರು ಒಂದು ಮಟ್ಟಕ್ಕೆ ಬಂದು ಮೇಲೇರದೆ ನಿಲ್ಲುತ್ತಿತ್ತು. ಭೂಮಿ ಚೆನ್ನಾಗಿ ಕುಡಿಯುತ್ತಿದೆ ಎಂದು ಅದಕ್ಕೂ ಖುಷಿಪಟ್ಟಿದ್ದೆ.

ಇತ್ತ ರೈಟರ್ ಗಾಬರಿಯಾಗಿದ್ದರು. ನೀಲಮ್ಮ ಮಡಿಕೇರಿಗೆ ಅರ್ಜಿ ಕೊಡುತ್ತಾರಂತೆ, ಕುಯ್ಲಿನ ನಡುವೆ ಪಲ್ಪಿಂಗ್ ನಿಂತರೆ ಹಣ್ಣೆಲ್ಲ ಕೊಳೆಯುತ್ತದೆ, ಏನೆಂದು ನೀನೇ ಪತ್ತೆಮಾಡು ಎಂದರು. ಪತ್ತೆ ಮಾಡುವುದು ಏನನ್ನು, ನನಗೇ ತಿಳಿಯದು.

ಆ ವಾರದಲ್ಲೇ ನೀಲಮ್ಮ ಮತ್ತೆ ಬಂದರು. ಈ ಸಲ ಕೈಯಲ್ಲಿ ಮೀನು ಹಿಡಿಯುವ ಬಿದಿರಿನ ಕೂಳಿ. ಅದನ್ನು ನನ್ನ ಕಾಲ ಬುಡದಲ್ಲಿ ಬೋರಲು ಹಾಕಿದರು. ಒಂದು ಮೀನಿಲ್ಲ. ಒಂದು ಬೊಗಸೆ ಕಾಫಿ ಜೊಳ್ಳು.

"ಇದೇನಪ್ಪ ಮೇಸ್ತ್ರಿ, ನಮ್ಮನೆ ಹಿತ್ತಲಲ್ಲಿ ಪಲ್ಪರ್ ಇಟ್ಟಿದೀವಾ?"

ಬಗ್ಗಿ ಕೈಗೆತ್ತಿಕೊಂಡು ನೋಡಿದೆ. ಜೊಳ್ಳು ನಮ್ಮದೇ, ಬೇರೆ ಮಾತಿಲ್ಲ. ಆದರೆ ಬಂದದ್ದು ಯಾವ ದಾರಿಯಲ್ಲಿ? ಹೊಂಡ ತೋರಿಸು ಎಂದರು. ತೋರಿಸಿದೆ. ಅವರು ಸೆರಗು ಸಿಕ್ಕಿಸಿಕೊಂಡು ಬದುವಿನ ಮೇಲೆ ಹತ್ತೇ ಹೆಜ್ಜೆ ನಡೆದರು, ಕೂತರು, ಹುಲ್ಲು ಸರಿಸಿದರು.

"ಬದು ಕೆತ್ತಿ ಕೆಸರು ಮೆತ್ತಿಸಿದ್ಯಾ?"

"ಇಲ್ಲ ಅಕ್ಕ."

"ಗದ್ದೆ ಮಾಡೋರ ಮನೇಲಿ ಹುಟ್ಟಿದೋನೇನಪ್ಪ ನೀನು?"

ನಿಜ. ಹಾಸನದ ಕಡೆಯಿಂದ ಬಂದ ನಮ್ಮಪ್ಪ ಗದ್ದೆ ಮಾಡಿಯೇ ನಮ್ಮನ್ನು ಸಾಕಿದ್ದು. ಪ್ರತಿ ವರ್ಷ ನಾಟಿಗೆ ಮೊದಲು ಬದುವಿನ ಪಕ್ಕ ಕೆತ್ತಿ, ಹೊಸ ಕೆಸರು ಮೆತ್ತಿ, ಏಡಿ ಬಿಲ ಮುಚ್ಚಬೇಕು. ಇಲ್ಲದಿದ್ದರೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಪಲ್ಪರ್ ಮೇಸ್ತ್ರಿಯಾದ ನಾನು ಅದನ್ನು ಮರೆತಿದ್ದೆ. ವರ್ಷಗಟ್ಟಲೆ ಬೀಳು ಬಿದ್ದ ಬದು, ಕೈ ತೂರುವಷ್ಟು ದೊಡ್ಡ ಬಿಲಗಳು. ಹೊಂಡದ ನೀರು ಬಿಲದ ಮಟ್ಟಕ್ಕೆ ಏರಿದ ದಿನ ಆಚೆಗೆ ಹರಿದು, ತಿರುವಿನ ಕೇದಗೆ ಪೊದೆಯ ಅಡಿಯಲ್ಲಿ ಹಳ್ಳಕ್ಕೆ ಇಳಿಯುತ್ತಿತ್ತು. ಮಟ್ಟ ಇಳಿದ ದಿನ ಇಲ್ಲ. ನನ್ನನ್ನು ಅಷ್ಟು ದಿನ ಆಡಿಸಿದ್ದು ಏಡಿಗಳು.

ರೈಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಎರಡು ದಿನ ಪಲ್ಪರ್ ನಿಲ್ಲಿಸಿದೆವು. ಹಳ್ಳದಿಂದ ದೂರ, ಮೇಲಿನ ಗಟ್ಟಿ ನೆಲದಲ್ಲಿ ಹೊಸ ಹೊಂಡ ತೋಡಿಸಿದೆವು. ಹಳೇ ಹೊಂಡವನ್ನು ಬಳಿದು ಮುಚ್ಚಿದೆವು. ಆಮೇಲೆ ನಾನು ದಿನಾ ಬೆಳಿಗ್ಗೆ ಕೆಲಸಕ್ಕೆ ಮೊದಲು ನೀಲಮ್ಮನ ಮನೆಯವರು ಹಳ್ಳಕ್ಕಿಳಿದು ನೀರು ತುಂಬುವ ಕಡವಿಗೆ ಹೋಗಿ ನಿಲ್ಲುತ್ತಿದ್ದೆ. ಎಷ್ಟನೇ ದಿನವೋ ನೆನಪಿಲ್ಲ, ಹಸು ಬಂದು ಮೂತಿ ಇಟ್ಟಿತು, ಮೂಸಿತು, ಕುಡಿಯಿತು. ನೀಲಮ್ಮ ಒಳಗೆ ಹೋಗಿ ನನಗೊಂದು ಲೋಟ ಮಜ್ಜಿಗೆ ತಂದರು.

ಪಲ್ಪರ್ ಕೆಲಸ ನನಗೆ ಕಲಿಸಿದ್ದು ಇಷ್ಟೇ: ನೀರು ಬಿಡುವವನು ತನ್ನ ಚರಂಡಿ ನೋಡಿಕೊಂಡರೆ ಸಾಲದು, ನೀರು ಕುಡಿಯುವವರ ಕಡವಿನಲ್ಲಿ ನಿಂತು ನೋಡಬೇಕು.

ಮದುವೆಯ ದಿನ ಗಂಗೆಪೂಜೆ ಮಾಡಿ, ಸವಿತಾ ಅದೇ ಹಳ್ಳದಿಂದ ಕೊಡ ತುಂಬಿಕೊಂಡು ಬಂದು ಗಂಡನ ಮನೆಯ ಹೊಸ್ತಿಲ ಹತ್ತಿರ ನಿಂತಳು. ನನಗೆ ತಡೆಯಲಾಗಲಿಲ್ಲ, ಎಲ್ಲರ ಮುಂದೆ ಬಗ್ಗಿ ಕೊಡದೊಳಗೆ ನೋಡಿದೆ. ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದ್ದ ನೀಲಮ್ಮನ ಕಣ್ಣು ಈಗಲೂ ಚುರುಕು.

"ಏನ್ ಮೇಸ್ತ್ರಿ, ಜೊಳ್ಳು ಹುಡುಕ್ತಿದ್ಯಾ?"

ಕೊಡದ ತಳ ಕಾಣುತ್ತಿತ್ತು.