ಗುಬ್ಬಿ ಗೆದ್ದ ವಾದ

ನನ್ನ ತಮ್ಮ ಹೊಟ್ಟೆಕಿಚ್ಚಿನ ಮನುಷ್ಯ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವುದರಲ್ಲಿ ಜಾಣ. ಆದರೆ ಬೇರೆ ಯಾರನ್ನಾದರೂ ಜಾಣರೆಂದರೆ ಆ ದಿನ ಅವನಿಗೆ ಅನ್ನ ಸೇರುವುದಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಿಗೆ ವಾದ ಹೂಡಿ ಕಲಿಸುತ್ತೇವೆ. ಒಬ್ಬ ರೋಗಿ, ಎರಡು ದಾರಿ, ಇಬ್ಬರು ವಾದಿಗಳು. ಯಾರಿಗೆ ಯಾವ ಪಕ್ಷವೆಂದು ಚೀಟಿ ಎತ್ತಿ ತೀರ್ಮಾನ. ವಾದಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಸಭೆ ಕೈ ಎತ್ತುತ್ತದೆ. ಹೆಚ್ಚು ಕೈಗಳನ್ನು ತಿರುಗಿಸಿಕೊಂಡವರು ಗೆದ್ದಂತೆ. ಉಪನ್ಯಾಸದಲ್ಲಿ ತೂಕಡಿಸುವವರೂ ಇಲ್ಲಿ ಕಣ್ಣು ಬಿಟ್ಟು ಕೂರುತ್ತಾರೆ. ರಕ್ತಪರೀಕ್ಷಾಲಯದಿಂದ ನಿವೃತ್ತಳಾದ ಮೇಲೂ ಕೈ ಎಣಿಸುವ ಕೆಲಸ ನನ್ನದೇ. ತಮ್ಮ ಎಂದೂ ಸೋತವನಲ್ಲ.

ಸೋಲಿಸಿದ್ದು ಅವನದೇ ಶಿಷ್ಯೆ. ಎಲ್ಲರೂ ಗುಬ್ಬಿ ಎನ್ನುವ ಮೆಲುದನಿಯ ಹುಡುಗಿ. ರೋಗಿ, ತಮ್ಮನ ವಾರ್ಡಿನಲ್ಲಿದ್ದ ವಯಸ್ಸಾದ ಬಸ್ ಡ್ರೈವರ್. ಅಸ್ಥಿಮಜ್ಜೆಯ ಕಸಿ ಬೇಕೆಂದು ತಮ್ಮ. ಈ ವಯಸ್ಸಿಗೆ ಕಸಿಯೇ ಕೊಂದೀತು, ಮಾತ್ರೆಯಲ್ಲೇ ನಡೆಸೋಣವೆಂದು ಅವಳು. ಅವಳ ಮಾತು ಕೇಳಲು ಸಭೆಯೇ ಮುಂದಕ್ಕೆ ಬಾಗಿತು. ಕೈಗಳು ತಿರುಗಿದವು.

ಮನೆಯಲ್ಲಿ ತಮ್ಮ ತಟ್ಟೆ ಪಕ್ಕಕ್ಕೆ ತಳ್ಳಿದ.

"ಸೊಳ್ಳೆ ಗುಂಯ್‌ಗುಟ್ಟಿದ ಹಾಗಿತ್ತು. ಅದಕ್ಕೂ ಕೈ ಎತ್ತೋದಾ, ಅಕ್ಕ?"

"ಕಚ್ಚಿದ್ದು ಮಾತ್ರ ಜೋರಾಗೇ ಇದೆಯಲ್ಲೋ."

"ನಾನು ಕಲಿಸಿದ್ದನ್ನೇ ನನಗೆ ತಿರುಗಿಸಿದ್ಲು!"

"ಮತ್ತೆ ಕಲಿಸೋದು ಯಾತಕ್ಕೆ? ಊಟ ಮಾಡು."

ಮಾಡಲಿಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳು ಓಡಿ ಬರುತ್ತಿದ್ದರೂ ಲಿಫ್ಟಿನ ಬಾಗಿಲು ಮುಚ್ಚಿಸಿಕೊಂಡು ಮೇಲೆ ಹೋದ.

ವಾದ ಸಭೆಯಲ್ಲೇ ಮುಗಿಯುವುದಿಲ್ಲ. ಮರುದಿನ ಇಬ್ಬರೂ ರೋಗಿಯ ಮುಂದೆ ತಮ್ಮ ತಮ್ಮ ಪಕ್ಷ ಹೇಳಬೇಕು, ಆಯ್ಕೆ ರೋಗಿಯದು. ಸೋತವನು ಏನು ಆಟ ಕಟ್ಟುತ್ತಾನೋ ನೋಡೋಣವೆಂದು ನಾನೂ ಹೋದೆ.

ತಮ್ಮ ಮೊದಲು ಹೇಳಿದ, ಕಂಚಿನ ಕಂಠದಲ್ಲಿ. ಡ್ರೈವರ್ ತಲೆಯಾಡಿಸಿದ. ಆಮೇಲೆ ಗುಬ್ಬಿ. ವರ್ಷಗಟ್ಟಲೆ ಎಂಜಿನ್ನಿನ ಪಕ್ಕ ಕೂತು ಕಿವಿ ಮಂದವಾಗಿದ್ದ ಆತ ಅವಳ ತುಟಿ ನೋಡುತ್ತ ಸುಮ್ಮನೆ ನಗುತ್ತಿದ್ದ. ಅವಳು ದನಿ ಎತ್ತಲು ಹೋದಳು; ಕೆಮ್ಮು ಬಂತು.

"ಇರ್ಲಿ ಬಿಡಮ್ಮ, ದೊಡ್ಡ ಡಾಕ್ಟ್ರು ಹೇಳಿದ್ದೇ ಆಗ್ಲಿ," ಎಂದ ಡ್ರೈವರ್.

ತಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹಾಸಿಗೆಯ ಅಂಚಿನಲ್ಲಿ ಕೂತು ಆತನ ಕಿವಿಯತ್ತ ಬಾಗಿದ.

"ಹಾಗೆಲ್ಲ ಒಪ್ಕೋಬೇಡಿ, ಯಜಮಾನ್ರೇ. ಈ ಡಾಕ್ಟ್ರು ಏನಂತಾರೆ ಅಂದ್ರೆ..."

ಅವಳ ವಾದವನ್ನು ಮೊದಲಿನಿಂದ ಹೇಳಿದ, ವಾರ್ಡಿಗೆಲ್ಲ ಕೇಳುವಂತೆ. ಒಂದು ಮಾತೂ ಬಿಡಲಿಲ್ಲ. ಕಸಿಯಾದರೆ ತಿಂಗಳುಗಟ್ಟಲೆ ಮೊಮ್ಮಕ್ಕಳನ್ನು ಹತ್ತಿರ ಸೇರಿಸುವಂತಿಲ್ಲವೆಂಬುದನ್ನು ಅವಳು ಮರೆತಿದ್ದಳು, ಅದನ್ನೂ ಸೇರಿಸಿದ.