ಒಳಗ ಯಾರರ ಅದೀರೇನು?

ಬಾಗಿಲು ಬಡಿದುಕೊಳ್ಳದಂತೆ ಕೊಡುವ ನಮ್ಮ ಮರದ ಬೆಣೆಯನ್ನು ಎತ್ತಿದಾಗಲೆಲ್ಲ ಕೈಗೆ ಗ್ರೀಸಿನ ವಾಸನೆ ಅಂಟುತ್ತದೆ. ಇವತ್ತು ಬೆಳಿಗ್ಗೆಯೂ ಅಂಟಿತು. ಅದು ತೀರಿಹೋದ ನನ್ನ ಸೋದರಮಾವನದು. ಟ್ರೇಲರಿನ ಮೇಲಿನ ಭಾರೀ ಸಾಮಾನು ಉರುಳದಂತೆ ಬೆಣೆ ಕೊಡುವುದು ಅವನ ಕಸುಬು. ತೋರಣಗಲ್ಲಿಗೆ ಬಂದ ಬಾಯ್ಲರುಗಳಿಗೆಲ್ಲ ನಮ್ಮ ಮಾವನ ಕೈ ತಾಗಿದೆ ಎಂದು ನಾನು ಜಂಭ ಕೊಚ್ಚುತ್ತಿದ್ದೆ. ನನಗೋ ಗೋಡೆಗೊಂದು ಮೊಳೆ ನೆಟ್ಟಗೆ ಹೊಡೆಯಲು ಬರುವುದಿಲ್ಲ, ಆ ಮಾತು ಬೇರೆ.

ಒಮ್ಮೆ ಹೊಸಪೇಟೆಯ ಹೊರಗೆ ರಾಕೆಟ್ಟಿನ ಬೂಸ್ಟರು ಹೊತ್ತ ಟ್ರೇಲರಿನ ಅಚ್ಚು ಮುರಿಯಿತು. ಮದ್ದು ತುಂಬದ ಖಾಲಿ ಉಕ್ಕಿನ ಕೊಳವೆ. ಎರಡೂ ಬಾಯಿ ಮುಚ್ಚಿತ್ತು. ಕ್ರೇನಿನಿಂದ ಎತ್ತಿ ಬೇರೆ ಟ್ರೇಲರಿಗೆ ಇಳಿಸಬೇಕು. ಆ ಕೆಲಸಕ್ಕೆ ಬಂದಿದ್ದ ಮಾವನಿಗೆ ಊಟದ ಡಬ್ಬಿ ಕೊಡಲು ಹೋದ ನಾನೂ ನೋಡುತ್ತ ನಿಂತೆ.

ಖಾಲಿ ಕೊಳವೆ ಎತ್ತುವ ಮುಂಚೆ ಅಂಗೈಯಿಂದ ಬಡಿದು ಕೂಗುವುದು ಈ ಜನರ ರೂಢಿ. ನೆರಳಿಗೆಂದು ಯಾರಾದರೂ ಒಳಗೆ ಮಲಗಿರುತ್ತಾರೆ ನೋಡಿ. ಬಾಯಿ ಮುಚ್ಚಿದ್ದರೂ ಮಾವ ರೂಢಿ ಬಿಡಲಿಲ್ಲ.

"ಒಳಗ ಯಾರರ ಅದೀರೇನು?"

"ಅದೀನಿ."

ಕೊಳವೆಯೊಳಗಿಂದ ಬಂದದ್ದು ಮಾವನ ಜೋಡಿದಾರ ಬಸಣ್ಣ ಕಾಕಾನ ದನಿ.

"ಲೇ ಬಸ್ಯಾ, ಒಳಗ ಹೆಂಗ ಹೊಕ್ಕಿಲೇ?"

ಕಾಕಾ ನನ್ನ ಪಕ್ಕದಲ್ಲೇ ನಿಂತಿದ್ದರು. ಚಹಾದ ಲೋಟ ತುಟಿಗೇ ಇತ್ತು.

"ಪ್ರತಿಧ್ವನಿ ರೀ ಅದು. ಜಲ್ದಿ ಎತ್ರಿ," ಎಂದ ಎಂಜಿನಿಯರು.

ಕೊಳವೆ ಇಳಿಯುವಾಗ ಕೆಳಗೆ ನಿಂತು ಬೆಣೆ ಕೊಡುವ ಸರದಿ ಕಾಕಾನದು. ಮಾವ ಅವರ ರಟ್ಟೆ ಹಿಡಿದ. "ಇವತ್ತ ನೀ ಬ್ಯಾಡ. ಬೇಕಾದ್ರ ಸಾಹೇಬ್ರು ನಿಂದ್ರಲಿ."

ಸಾಹೇಬರೂ ನಿಲ್ಲಲಿಲ್ಲ. ಕೊಳವೆ ಅರ್ಧ ಇಳಿದಾಗ ಕ್ರೇನಿನ ಪಟ್ಟಿ ಜಾರಿತು. ಆ ಸದ್ದಿಗೆ ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು. ಕಾಕಾ ನಿಲ್ಲಬೇಕಿದ್ದ ಹಲಗೆ ಪುಡಿಪುಡಿ. ಮುಚ್ಚಳ ಬಿಚ್ಚಿದರು, ಒಳಗೆ ಯಾರೂ ಇರಲಿಲ್ಲ.

ಅಂದಿನಿಂದ ಕಾಕಾ ಯಾರು ಕರೆದರೂ ಒಳಗಿನಿಂದ ಓಗೊಡುವುದಿಲ್ಲ. ಹೊಸ್ತಿಲು ದಾಟಿ ಬಂದೇ "ಏನ್ರಿ" ಎನ್ನುವುದು. "ಬಚ್ಚಲದಾಗಿದ್ರೂ ಹಂಗ ಓಡಿ ಬರ್ತಾರ್ರಿ, ನಾಚಿಕಿಲ್ಲ," ಎಂದು ಅವರ ಹೆಂಡತಿ, ನಮ್ಮ ಕಾಕು, ನಗುತ್ತಾರೆ.

ಬೆಣೆಯ ವಾಸನೆ ಕಾಕಾನನ್ನು ನೆನಪಿಸಿತಲ್ಲ, ಮಧ್ಯಾಹ್ನ ಕಂಪ್ಲಿಯ ಅವರ ಮನೆಗೆ ಹೋದೆ.

"ಕಾಕಾ, ಒಳಗ ಅದೀರೇನ್ರಿ?"

"ಅದೀನಿ."

ಒಳಗಿನಿಂದ ಅವರದೇ ದನಿ. ಚಪ್ಪಲಿ ಬಿಡಲು ಬಾಗಿದೆ.

"ಯಾರನ್ನ ಕರಿಯಾಕತ್ತೀಯಪಾ? ನಿಮ್ಮ ಕಾಕು ಸಂಡೂರಿಗೆ ಮಗಳ ಮನಿಗೆ ಹೋಗ್ಯಾಳ." ಬೆನ್ನ ಹಿಂದೆ ಕಾಕಾ, ಬಾಳೆಹಣ್ಣಿನ ಚೀಲ ಹಿಡಿದು. ಆಗ ನೋಡಿದೆ, ಬಾಗಿಲಿಗೆ ಬೀಗ ಇತ್ತು.

ಅವರು ಬೀಗದ ಕೈ ತೆಗೆದರು. ನಾನು ರಟ್ಟೆ ಹಿಡಿದೆ.

"ಇವತ್ತ ಒಳಗ ಬ್ಯಾಡ್ರಿ ಕಾಕಾ. ನಮ್ಮನಿಗೆ ನಡೀರಿ."

ಕಾಕಾ ನನ್ನ ಮುಖ ನೋಡಿದರು. ಬೀಗದ ಕೈ ಜೇಬಿಗೆ ಹಾಕಿ ನನ್ನ ಬೈಕಿನ ಹಿಂದೆ ಕೂತರು.

ಈಗ ನಮ್ಮ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಬಾಗಿಲು ಮುಚ್ಚದಂತೆ ಮಾವನ ಬೆಣೆ ಕೊಟ್ಟು, ಪಕ್ಕದಲ್ಲೇ ಕೂತಿದ್ದೇನೆ.