ಸೊಸೆಯ ಕಂಪ್ಯೂಟರಿನ ಮೇಲೆ ನಾನು ಹೊರಿಸಿದ ತಪ್ಪು

ಸೊಸೆ ಹೊಸ ಕಂಪ್ಯೂಟರು ತಂದ ದಿನ ನಾನು ಆಡಿದ ಮೊದಲ ಮಾತು, "ಇದಕ್ಕಿಷ್ಟು ದುಡ್ಡಾ?" ಎಂಬುದು. ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹಳೆಯದು ಮೇಜಿನ ಕೆಳಗೆ ಗುಂಯ್ ಎನ್ನುತ್ತ ನಿಂತಿರುತ್ತಿತ್ತು. ಇದಕ್ಕೆ ಸದ್ದೂ ಇಲ್ಲ, ತೂಕವೂ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಭದ್ರಾವತಿಯಲ್ಲಿ ಕಾರ್ಖಾನೆಗೆ ಸೇರಿದವನು. ಅಲ್ಲಿ ಯಂತ್ರದ ಆರೋಗ್ಯವನ್ನು ಕಿವಿಯಿಂದಲೇ ನೋಡುತ್ತಿದ್ದೆವು. ಸದ್ದಿಲ್ಲವೆಂದರೆ ಯಂತ್ರ ನಿಂತಿದೆ. ಪಾಳಿ ಮುಗಿಸಿ ಕೊನೆಗೆ ಹೊರಡುವವನು ನಿಂತ ಯಂತ್ರಗಳ ಸ್ವಿಚ್ಚು ಆರಿಸಿಯೇ ಹೊರಡಬೇಕು. ನಿವೃತ್ತನಾದರೂ ಆ ಅಭ್ಯಾಸ ಹೋಗಿಲ್ಲ. ಮಧ್ಯಾಹ್ನ ಮಲಗುವ ಮುಂಚೆ ಮನೆಯೆಲ್ಲ ಒಂದು ಸುತ್ತು ಬಂದು, ಸುಮ್ಮನೆ ಉರಿಯುವುದನ್ನೆಲ್ಲ ಆರಿಸುತ್ತೇನೆ.

ಸೊಸೆ ನ್ಯೂ ಟೌನಿನ ನಮ್ಮ ಮನೆಯಲ್ಲೇ ಕುಳಿತು ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಹಳೇ ಟೌನಿನ ಒಂದು ಸ್ಟುಡಿಯೋದವರು ಕೆಲಸ ಕೊಡುತ್ತಾರೆ. ಆ ಕಂಪ್ಯೂಟರನ್ನು ಅವಳು ತಿಂಗಳುಗಟ್ಟಲೆ ಓದಿ, ವಿಚಾರಿಸಿ, ತನ್ನ ದುಡಿಮೆಯಲ್ಲೇ ಕೊಂಡಿದ್ದಳು. ಅಂದು ಸಂಜೆ ಜಗುಲಿಯಲ್ಲಿ ಅದರ ಮೇಲೇ ಚರ್ಚೆ. ನನ್ನ ಜೊತೆಗೇ ನಿವೃತ್ತನಾದ ಪಕ್ಕದ ಮನೆಯ ಗೆಳೆಯನೂ ಬಂದಿದ್ದ.

"ಅಷ್ಟೇ ದುಡ್ಡಿಗೆ ದೊಡ್ಡದು ಬರ್ತಿತ್ತು. ಬಿಚ್ಚಿ ಒಂದು ಪಾರ್ಟಾದ್ರೂ ಹಾಕ್ಬಹುದಿತ್ತು. ಇದನ್ನ ಬಿಚ್ಚಕ್ಕಾಗುತ್ತೇನಮ್ಮ?" ಎಂದೆ.

"ಬಿಚ್ಚೋದ್ಯಾಕೆ ಮಾವ? ಹಳೇದು ಮೂರು ಗಂಟೆ ಮಾಡ್ತಿದ್ದ ಕೆಲಸನ ಇದು ಒಂದು ಗಂಟೇಲಿ ಮುಗಿಸುತ್ತೆ," ಎಂದಳು ಸೊಸೆ.

ಗೆಳೆಯ ಅವಳ ಕಡೆ ಸೇರಿದ. "ನಿಂಗೆ ಮನೇಲಿ ಲೇತ್ ಮಷೀನೇ ತಂದಿಟ್ರೂ ಸಮಾಧಾನ ಇಲ್ಲ ಮಾರಾಯ. ಇದ್ರಲ್ಲಿ ಹೊಗೆ ಬರಲ್ಲ ಅಂತೀಯ."

ಇಬ್ಬರೂ ನಕ್ಕರು. ಅದು ನನಗೆ ಚುಚ್ಚಿತು. "ನೋಡ್ತಿರಿ, ಇದು ಬಾಳಲ್ಲ," ಎಂದೆ.

ಎಡಿಟ್ ಮುಗಿದ ಮೇಲೆ ಕಂಪ್ಯೂಟರು ಎಲ್ಲ ತುಣುಕುಗಳನ್ನೂ ಸೇರಿಸಿ ಒಂದು ವಿಡಿಯೋ ಮಾಡಬೇಕು. ಅದಕ್ಕೆ ರೆಂಡರ್ ಎನ್ನುತ್ತಾರೆ. ಆಗ ಎದುರಿಗೆ ಯಾರೂ ಇರಬೇಕಾಗಿಲ್ಲ, ಪರದೆಯೂ ತಾನಾಗಿ ಕಪ್ಪಾಗುತ್ತದೆ. ಸೊಸೆ ಮಧ್ಯಾಹ್ನ ರೆಂಡರಿಗೆ ಇಟ್ಟು ಮೊಮ್ಮಗಳನ್ನು ಸ್ಕೂಲಿನಿಂದ ಕರೆತರಲು ಹೋಗುತ್ತಿದ್ದಳು. ಆಗ ನನಗೆ ಇದ್ಯಾವುದೂ ತಿಳಿದಿರಲಿಲ್ಲ. ಮಲಗುವ ಮುಂಚಿನ ಸುತ್ತಿನಲ್ಲಿ ಡಬ್ಬಿಗೆ ಕಿವಿ ಕೊಟ್ಟೆ. ಏನೂ ಕೇಳಿಸಲಿಲ್ಲ. ಪಾಪ, ಮರೆತು ಹೋಗಿದ್ದಾಳೆ ಎಂದುಕೊಂಡು ಗೋಡೆಯ ಸ್ವಿಚ್ಚು ಆರಿಸಿದೆ. ಅವಳು ಬರುವಷ್ಟರಲ್ಲಿ ನಿದ್ದೆ ಮುಗಿಸಿ ಎದ್ದು ಮತ್ತೆ ಹಾಕಿರುತ್ತಿದ್ದೆ. ಹೀಗೆ ಮೂರು ದಿನ.

ಅವಳು ತನ್ನದೇ ಏನೋ ತಪ್ಪಿರಬೇಕೆಂದು ಮೊದಲೆರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ಸಂಜೆ ಜಗುಲಿಗೆ ಬಂದವಳ ಮುಖ ಬಾಡಿತ್ತು. "ರೆಂಡರಿಗಿಟ್ಟು ಹೋದ್ರೆ ಅರ್ಧಕ್ಕೇ ಆಫ್ ಆಗುತ್ತೆ ಮಾವ. ಮೂರು ದಿನದಿಂದ ಇದೇ ಆಯ್ತು."

ಆ ಕ್ಷಣವೇ ನನಗೆ ಎಲ್ಲ ತಿಳಿಯಿತು. ಆದರೆ ಗೆಳೆಯ ಪಕ್ಕದಲ್ಲೇ ಕುಳಿತಿದ್ದ. ಬಾಯಿಂದ ಬಂದದ್ದು, "ನಾನ್ ಹೇಳ್ಲಿಲ್ವಾ?" ಎಂಬ ಮಾತು.

ಮತ್ತೆ ನಾನು ಆ ಸ್ವಿಚ್ಚು ಮುಟ್ಟಲಿಲ್ಲ. ಕಂಪ್ಯೂಟರೂ ಮತ್ತೆ ನಿಲ್ಲಲಿಲ್ಲ. ಆದರೆ ಸೊಸೆಗೆ ಅದರ ಮೇಲಿನ ನಂಬಿಕೆ ಹೋಗಿತ್ತು. ಎಲ್ಲಿ ನಿಂತುಬಿಡುತ್ತದೋ ಎಂದು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅದರ ಮುಂದೆಯೇ ಊಟ ಮಾಡುತ್ತಿದ್ದಳು. ಸ್ಟುಡಿಯೋದವರು ಒಂದು ದೊಡ್ಡ ಮದುವೆಯ ಕೆಲಸ ಕೊಡಲು ಬಂದಾಗ, ಈ ಮಷೀನ್ ನಂಬಿ ಒಪ್ಪಿಕೊಳ್ಳಲಾರೆ ಎಂದುಬಿಟ್ಟಳು. ಬರೆಯಲು ನಾಚಿಕೆಯಾಗುತ್ತದೆ, ಆಗಲೂ ನನಗೆ ಗೆದ್ದೆನೆಂಬ ಖುಷಿ ಒಳಗೊಳಗೇ ಇತ್ತು.

ಎರಡು ವಾರವಾದ ಮೇಲೆ ಒಂದು ಬೆಳಿಗ್ಗೆ ಹೇಳಿದಳು, "ನೀವು ಹೇಳಿದ್ದೇ ಸರಿ ಮಾವ. ನಂಗೇ ತಿಳೀಲಿಲ್ಲ. ಅಂಗಡಿಯವ್ರು ವಾಪಸ್ ತಗೊಳ್ತಾರಂತೆ, ದೊಡ್ಡದೇ ತರೋಣ. ನೀವೂ ಬನ್ನಿ."

ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ಅಂಗಡಿಯ ರಿಪೇರಿಯವನು ಡಬ್ಬಿಗೆ ವೈರು ಜೋಡಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದ. "ಮೇಡಂ, ಇದ್ರಲ್ಲಿ ಏನೂ ತೊಂದರೆ ಇಲ್ಲ. ಯಾವಾಗ ಆಫ್ ಆಯ್ತು ಅಂತ ಇದೇ ಬರೆದಿಟ್ಟುಕೊಂಡಿರುತ್ತೆ, ನೋಡಿ. ಮೂರು ಸಲ ಕರೆಂಟೇ ಕಟ್ ಆಗಿದೆ. ಮೂರು ದಿನವೂ ಮಧ್ಯಾಹ್ನ ಎರಡೂವರೆ ಹೊತ್ತಿಗೆ. ಮನೇಲಿ ಯಾರಾದ್ರೂ ಸ್ವಿಚ್ ಆರಿಸ್ತಾರಾ?"

ಸೊಸೆ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಮತ್ತೆ ಅವನ ಕಡೆ ತಿರುಗಿ, "ಇಲ್ಲ, ನಮ್ಮ ಕಡೆ ಆ ಹೊತ್ತಿಗೆ ಕರೆಂಟ್ ಹೋಗುತ್ತೆ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಮಾನ ಕಾಯಲು ಹೊರಟದ್ದನ್ನು ತಡೆಯಲಾಗಲಿಲ್ಲ. "ಕರೆಂಟ್ ಹೋಗಿಲ್ಲಪ್ಪ. ನಾನೇ ಆರಿಸಿದ್ದು. ಗೊತ್ತಾದ ಮೇಲೂ ಬಾಯಿ ಬಿಡ್ಲಿಲ್ಲ," ಎಂದೆ. ಅವನು ತಲೆ ತಗ್ಗಿಸಿ ವೈರು ಸುತ್ತತೊಡಗಿದ. ಸೊಸೆ ಕಂಪ್ಯೂಟರನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಬಸ್ ಸ್ಟ್ಯಾಂಡಿನವರೆಗೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. "ಬೈದುಬಿಡಮ್ಮ," ಎಂದೆ.

"ಬೈದ್ರೆ ನಿಮ್ಮ ಮನಸ್ಸು ಹಗುರಾಗುತ್ತೆ. ನಂಗೇನ್ ಸಿಗುತ್ತೆ ಮಾವ? ಸ್ಟುಡಿಯೋದವ್ರಿಗೆ ನೀವೇ ಹೇಳಿ, ಮಷೀನ್ ಚೆನ್ನಾಗೇ ಇದೆ ಅಂತ." ನಂಬರು ಒತ್ತಿ ಫೋನು ನನ್ನ ಕೈಗಿಟ್ಟಳು.

ನಾನು ಯಾರೆಂದು ಹೇಳಿ, ಏನು ಮಾಡಿದೆ, ಏನನ್ನು ಮುಚ್ಚಿಟ್ಟೆ ಎಲ್ಲವನ್ನೂ ಹೇಳಿದೆ. ಆ ಮದುವೆಯ ಕೆಲಸ ಬೇರೆಯವರಿಗೆ ಹೋಗಿಯಾಗಿತ್ತು. ಮುಂದಿನದನ್ನು ಇವಳಿಗೇ ಕೊಡುವುದಾಗಿ ಹೇಳಿದರು. ಫೋನು ವಾಪಸು ಕೊಟ್ಟೆ.

"ಅಷ್ಟು ಜೋರಾಗಿ ಹೇಳ್ಬೇಕಿತ್ತಾ ಮಾವ? ಆಚೆ ನಿಂತಿರೋ ಚನ್ನಗಿರಿ ಬಸ್ಸಿನವ್ರೂ ತಿರುಗಿ ನೋಡ್ತಿದ್ರು," ಎಂದಳು. ಹೇಳುತ್ತಾ ನಕ್ಕಳು.